ಎಂಜಿನ್ನಿನ ನಾಲಗೆ: ರೀಡ್ ಕವಾಟದ ಪೂರ್ವೋತ್ತರ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಲೆನಾಡಿನ ಮಣ್ಣುದಾರಿಯ ಸ್ಪರ್ಧೆಗಳಿಗೆಂದು ಹಳೆಯ ಯಮಹಾ ಆರ್‌ಎಕ್ಸ್ 100 ಬೈಕೊಂದನ್ನು ಅಣಿಗೊಳಿಸುತ್ತಿದ್ದಾನೆ. ಅದರ ರೀಡ್ ಕವಾಟಕ್ಕೆ ಉಕ್ಕಿನ ಎಸಳು ಒಳ್ಳೆಯದೋ, ಫೈಬರಿನದೋ, ಕಾರ್ಬನ್ನಿನದೋ ಎಂದು ಕೇಳಿದ್ದಾನೆ. ಇತಿಹಾಸದ ಮೇಷ್ಟರನ್ನು ಕೇಳುವ ಪ್ರಶ್ನೆಯೇ ಇದು ಎಂದು ನೀವು ನಗಬಹುದು. ಆದರೆ ಈ ಮೂರು ಎಸಳುಗಳಲ್ಲಿ ಒಂದೊಂದಕ್ಕೂ ಒಂದು ಚರಿತ್ರೆಯಿದೆ. ಅದನ್ನರಿತರೆ ಆಯ್ಕೆ ಅಷ್ಟೇನೂ ಕಷ್ಟವಲ್ಲ.

ಹಾರ್ಮೋನಿಯಂ ಬಿಚ್ಚಿ ನೋಡಿದವರಿಗೆ ರೀಡ್ ಎಂದರೇನೆಂದು ಹೇಳಬೇಕಾಗಿಲ್ಲ: ಒಂದು ತುದಿ ಬಿಗಿದು, ಇನ್ನೊಂದು ತುದಿ ಗಾಳಿಗೆ ಮಿಡಿಯುವ ತೆಳು ನಾಲಗೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಇದು ಕಾರ್ಬುರೇಟರ್ ಮತ್ತು ಕ್ರ್ಯಾಂಕ್ ಕೇಸಿನ ನಡುವೆ ಕಾವಲು ಕಾಯುತ್ತದೆ. ಪಿಸ್ಟನ್ ಮೇಲೇರಿದಾಗ ಕೆಳಗೆ ಒತ್ತಡ ಕುಗ್ಗಿ ಎಸಳು ತೆರೆಯುತ್ತದೆ. ಪೆಟ್ರೋಲು ಬೆರೆತ ಗಾಳಿ ಒಳಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಎಸಳು ಮುಚ್ಚಿಕೊಂಡು, ಬಂದದ್ದನ್ನು ಹಿಂದಕ್ಕೆ ಬಿಡುವುದಿಲ್ಲ.

ಇದನ್ನು ಜಪಾನೀಯರ ಶೋಧವೆಂದು ಅನೇಕರು ತಿಳಿದಿದ್ದಾರೆ. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ ಎಂಬಾತ 1890ರ ಸುಮಾರಿಗೆ ಕ್ರ್ಯಾಂಕ್ ಕೇಸಿನಲ್ಲೇ ಗಾಳಿಯನ್ನು ಒತ್ತುವ ಟೂ ಸ್ಟ್ರೋಕ್ ಎಂಜಿನ್ನನ್ನು ರೂಪಿಸಿದಾಗ, ಅದರಲ್ಲಿ ಒಮ್ಮುಖ ಕವಾಟಗಳೇ ಇದ್ದವು. ಅವನ ಕೈಕೆಳಗಿದ್ದ ಫ್ರೆಡರಿಕ್ ಕಾಕ್, ಪಿಸ್ಟನ್ನಿನ ಅಂಚೇ ದ್ವಾರವನ್ನು ತೆರೆದು ಮುಚ್ಚಿದರೆ ಸಾಕೆಂದು 1892ರಲ್ಲಿ ತೋರಿಸಿಕೊಟ್ಟ. ಚಲಿಸುವ ಭಾಗಗಳು ಮೂರೇ ಉಳಿದವು: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಜಗತ್ತು ಈ ಸರಳತೆಗೆ ಮಾರುಹೋಯಿತು. ಡೇ ಮಾತ್ರ ಮುಂದೆ ದಿವಾಳಿಯಾಗಿ, ಯಾರ ನೆನಪಿನಲ್ಲೂ ಉಳಿಯದೆ 1946ರಲ್ಲಿ ತೀರಿಕೊಂಡ. ಪಠ್ಯಪುಸ್ತಕಗಳಲ್ಲಿ ಜೇಮ್ಸ್ ವಾಟನಿಗೆ ಪುಟಗಟ್ಟಲೆ ಜಾಗ, ಇವನಿಗೆ ಒಂದು ಸಾಲೂ ಇಲ್ಲ!

ಸರಳತೆಗೆ ತೆರಬೇಕಾದ ಬೆಲೆಯೂ ಇತ್ತು. ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲು ದ್ವಾರ ಎಷ್ಟು ಬೇಗ ತೆರೆಯುವುದೋ, ಮುಟ್ಟಿದ ನಂತರ ಅಷ್ಟೇ ತಡವಾಗಿ ಮುಚ್ಚುತ್ತದೆ. ಹೆಚ್ಚಿನ ವೇಗಕ್ಕೆಂದು ದ್ವಾರವನ್ನು ಹಿಗ್ಗಿಸಿದರೆ, ನಿಧಾನವಾಗಿ ಓಡುವಾಗ ಒಳಗೆ ಬಂದ ಗಾಳಿ ಕಾರ್ಬುರೇಟರಿಗೇ ಮರಳುತ್ತದೆ. ನಮ್ಮ ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳು ಕೊನೆಯವರೆಗೂ ಇದೇ ಪದ್ಧತಿಯವು. ಪೂರ್ವ ಜರ್ಮನಿಯ ಎಂಜಡ್ ಕಂಪನಿಯ ವಾಲ್ಟರ್ ಕಾಡೆನ್ ಇದಕ್ಕೆ ಪರಿಹಾರವಾಗಿ ತಿರುಗುವ ತಟ್ಟೆಯ ಕವಾಟವನ್ನು ಪಳಗಿಸಿದ. ಅವನ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ಸ್ಪರ್ಧೆಯಿಂದ ಪಶ್ಚಿಮಕ್ಕೆ ಪರಾರಿಯಾಗಿ ಆ ವಿದ್ಯೆಯನ್ನು ಸುಜುಕಿಗೆ ಒಯ್ದದ್ದು ಪತ್ತೇದಾರಿ ಕಾದಂಬರಿಗೆ ತಕ್ಕ ಕಥೆ. ಆದರೆ ಆ ತಟ್ಟೆಯಿಂದ ಕಾರ್ಬುರೇಟರ್ ಎಂಜಿನ್ನಿನ ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಕಲ್ಲು, ಕೊರಕಲುಗಳ ನಡುವೆ ಓಡುವ ಬೈಕಿಗೆ ಅದು ತೊಡಕು.

ಅಷ್ಟರಲ್ಲಿ ಡೇಯ ಹಳೆಯ ಕವಾಟ ದೋಣಿಯ ಎಂಜಿನ್ನು, ಮರ ಕೊಯ್ಯುವ ಗರಗಸ, ಗೋ-ಕಾರ್ಟ್‌ಗಳಲ್ಲಿ ತೆಳುವಾದ ರೀಡಿನ ರೂಪ ತಾಳಿ ಬದುಕಿಕೊಂಡಿತ್ತು. ಅದನ್ನು ಕಾಡುತ್ತಿದ್ದ ದೊಡ್ಡ ಸಮಸ್ಯೆ ಲೋಹದ ದಣಿವು. ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗಿದರೆ ಎಸಳು ಸೆಕೆಂಡಿಗೆ 133 ಬಾರಿ ಮಿಡಿಯಬೇಕು. ಲೆಕ್ಕ ಹಾಕಿ ನೋಡಿ. 1944ರಲ್ಲಿ ಲಂಡನ್ನಿನ ಮೇಲೆ ಬಿದ್ದ ವಿ-1 ಹಾರುಬಾಂಬಿನ ಎಂಜಿನ್ನಿನಲ್ಲೂ ಉಕ್ಕಿನ ಇಂಥ ಎಸಳುಗಳಿದ್ದವು. ಬಾಂಬಿನ ಯಾನವೇ ಅರ್ಧ ಗಂಟೆಗಿಂತ ಕಡಿಮೆಯಾದ್ದರಿಂದ ಅವು ಬೇಗ ಹಾಳಾದರೂ ಯಾರಿಗೂ ಚಿಂತೆಯಿರಲಿಲ್ಲ. ಮೋಟಾರ್ ಸೈಕಲ್ಲಿಗೆ ಆ ಮಾತು ಹೊಂದದು.

1972ರಲ್ಲಿ ಯಮಹಾ ಕಂಪನಿ ತನ್ನ ಮಣ್ಣುದಾರಿಯ ಡಿಟಿ ಮುಂತಾದ ಬೈಕುಗಳಿಗೆ ರೀಡ್ ಅಳವಡಿಸಿ ‘ಟಾರ್ಕ್ ಇಂಡಕ್ಷನ್’ ಎಂದು ಹೆಸರಿಟ್ಟಿತು. ಪಿಸ್ಟನ್ನಿನ ಅಂಚಿಗೆ ಕಿಟಕಿ ಕೊರೆದು, ಗಾಳಿಯ ಪ್ರವೇಶದ ಹೊಣೆಯನ್ನು ಎಸಳಿಗೇ ಒಪ್ಪಿಸಿತು. ನಿಧಾನದಲ್ಲೂ ಎಳೆತ ಸಿಕ್ಕಿತು. ಭಾರತಕ್ಕೆ ಅದು 1983ರ ರಾಜದೂತ್ 350 ಮತ್ತು 1985ರ ಆರ್‌ಎಕ್ಸ್ 100ರ ಮೂಲಕ ಬಂತು.

ಇನ್ನು ಆಯ್ಕೆಯ ವಿಚಾರ. ಯಮಹಾದ ಆರಂಭದ ಎಸಳುಗಳು ತುಕ್ಕು ಹಿಡಿಯದ ಉಕ್ಕಿನವು. ಅವು ಬಹುಕಾಲ ಬಾಳುತ್ತವೆ ನಿಜ. ಆದರೆ ಮುರಿದರೆ ಚೂರು ನೇರ ಕ್ರ್ಯಾಂಕ್ ಕೇಸಿಗೆ ಬಿದ್ದು, ಅಲ್ಲಿಂದ ಮೇಲೇರಿ ಪಿಸ್ಟನ್ನನ್ನೂ ಸಿಲಿಂಡರನ್ನೂ ಗೀರಿಹಾಕುತ್ತದೆ. ಫೈಬರ್ ಎಸಳು ಅಂಚಿನಲ್ಲಿ ನಾರುನಾರಾಗಿ ಸವೆಯುತ್ತದೆ, ಬೇಗ ಬದಲಿಸಬೇಕಾಗುತ್ತದೆ. ಆದರೆ ಅದರ ಚೂರು ಸಾಮಾನ್ಯವಾಗಿ ಎಂಜಿನ್ನನ್ನು ಕೊಲ್ಲುವುದಿಲ್ಲ. ಕಾರ್ಬನ್ ಎಸಳು ಹಗುರ ಮತ್ತು ಗಡಸು. ಮೃದುವಾದ ಎಸಳು ನಿಧಾನದಲ್ಲಿ ಸುಲಭವಾಗಿ ತೆರೆದರೂ ವೇಗದಲ್ಲಿ ತತ್ತರಿಸುತ್ತದೆ. ಗಡಸಿನದು ವೇಗದಲ್ಲಿ ಸ್ಥಿರ, ನಿಧಾನದಲ್ಲಿ ಸೋಮಾರಿ. ಈ ದ್ವಂದ್ವವನ್ನು ಬಿಡಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಐವಿಂಡ್ ಬಾಯ್ಸನ್. 1970ರ ದಶಕದಲ್ಲಿ ಅವನು ಕಿಟಕಿಯುಳ್ಳ ದಪ್ಪ ಎಸಳಿನ ಮೇಲೆ ತೆಳುವಾದ ಇನ್ನೊಂದನ್ನು ಕೂರಿಸಿದ: ಮೊದಲು ತೆಳುವಾದದ್ದು ತೆರೆಯುತ್ತದೆ, ಎಳೆತ ಹೆಚ್ಚಿದಾಗ ದಪ್ಪನೆಯದು. ಉಪಾಯ ಎಷ್ಟು ಸರಳ ನೋಡಿ!

ಕೆಸರು, ಏರುದಾರಿ, ಕಡಿಮೆ ಗೇರು ಎನ್ನುವವರಿಗೆ ಫೈಬರು ಅಥವಾ ಈ ಜೋಡಿ ಎಸಳೇ ಲೇಸೆಂದು ನನ್ನ ಅಭಿಪ್ರಾಯ. ಸದಾ ಹೆಚ್ಚಿನ ವೇಗದಲ್ಲೇ ಓಡಿಸುವವರು ಮಾತ್ರ ಕಾರ್ಬನ್ನಿಗೆ ಹಣ ಹಾಕಲಿ. ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ ಉದ್ದ, ಅಗಲ, ದಪ್ಪ, ಸ್ಕ್ರೂ ತೂತುಗಳ ಅಂತರವನ್ನು ವರ್ನಿಯರಿನಲ್ಲಿ ಅಳೆಯಬೇಕು. ಅಂಗಡಿಯವನು ‘ಎಲ್ಲಾ ಒಂದೇ ಸಾರ್’ ಎಂದರೆ ನಂಬಬಾರದು. ಎಸಳಿನ ಬೂನ್ನನ್ನು ಬೆಳಕಿಗೆ ಹಿಡಿದಾಗ ಬಿರುಕು ಕಂಡರೂ, ಅಂಚು ಎದ್ದಿದ್ದರೂ, ಮೂಲೆ ಉದುರಿದ್ದರೂ ಅದು ಬದಲಿಸಬೇಕಾದದ್ದೇ. ಜೋಡಿಸುವಾಗ ಎಸಳಿನ ಕತ್ತರಿಸಿದ ಮೂಲೆ, ಅದರ ಮೇಲಿನ ತಡೆಪಟ್ಟಿಯ ಕತ್ತರಿಸಿದ ಮೂಲೆಗೆ ಹೊಂದಿರಲಿ. ಸ್ಕ್ರೂಗಳಿಗೆ ಸಡಿಲವಾಗದಂತೆ ತಡೆಯುವ ಅಂಟನ್ನು ಒಂದು ಹನಿ ಹಚ್ಚಿರಿ. ಅವುಗಳಲ್ಲಿ ಒಂದು ಕಳಚಿದರೂ ಅದು ಹೋಗಿ ಬೀಳುವುದು ಕ್ರ್ಯಾಂಕ್ ಕೇಸಿಗೇ.