ದೀರ್ಘಕಾಲೀನ ರಕ್ತ ಕ್ಯಾನ್ಸರ್: ಸದ್ದಿಲ್ಲದ ಹಂತದಲ್ಲೇ ಚಿಕಿತ್ಸೆಗೆ ಅವಕಾಶ

ಕಲಬುರಗಿ: 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಬೆವರು, ಸುಸ್ತು, ಊಟ ಸೇರದಿರುವುದು ಈ ಭಾಗದ ಜನರಿಗೆ ಹೊಸತಲ್ಲ. ದೀರ್ಘಕಾಲೀನ ರಕ್ತ ಕ್ಯಾನ್ಸರಿನ ಆರಂಭಿಕ ಲಕ್ಷಣಗಳೂ ಬಹುಮಟ್ಟಿಗೆ ಇವೇ. ಅನೇಕರಲ್ಲಿ ಅಷ್ಟೂ ಇರುವುದಿಲ್ಲ. ಬೇರಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ರೋಗ ಬೆಳಕಿಗೆ ಬರುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಭಾರತದಲ್ಲಿ ಹೆಚ್ಚು ಕಂಡುಬರುವುದು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ (ಸಿಎಂಎಲ್). ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ ಹಿರಿಯರ ಕಾಯಿಲೆ. ನಮ್ಮಲ್ಲಿ ಮೂವತ್ತು-ನಲವತ್ತರ ಆಸುಪಾಸಿನ, ದುಡಿಯುವ ವಯಸ್ಸಿನವರನ್ನೂ ಹೆಚ್ಚಾಗಿ ಕಾಡುತ್ತದೆ. ಇನ್ನೊಂದು ಬಗೆಯಾದ ಸಿಎಲ್‌ಎಲ್ ಸಾಮಾನ್ಯವಾಗಿ ಅರವತ್ತು ದಾಟಿದವರದು. ಕುತ್ತಿಗೆ, ಕಂಕುಳಲ್ಲಿ ನೋವಿಲ್ಲದ ಗಂಟುಗಳು, ಪದೇ ಪದೇ ಸೋಂಕು ಅದರ ಲಕ್ಷಣ. ಕೆಲವರಿಗೆ ವರ್ಷಗಟ್ಟಲೆ ಔಷಧವೇ ಬೇಕಾಗದು, ತಪಾಸಣೆ ಸಾಕು.

ಸಿಎಂಎಲ್ ಆನುವಂಶಿಕವಲ್ಲ, ಅಂಟುವುದೂ ಇಲ್ಲ. ಅಸ್ಥಿಮಜ್ಜೆಯ ಒಂದು ಮೂಲಕೋಶದಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗುವುದೇ ಇದರ ಮೂಲ. ಹೀಗೆ ಮೊಟಕಾದ ವರ್ಣತಂತುವನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗುರುತಿಸಲಾಯಿತು. ಆ ನಗರದ ಹೆಸರೇ ಅದಕ್ಕೆ ಉಳಿದಿದೆ. ಈ ಬದಲಾವಣೆಯಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನು, ಬಿಳಿ ರಕ್ತಕಣಗಳನ್ನು ಉತ್ಪಾದಿಸುತ್ತಲೇ ಇರುವಂತೆ ಮಜ್ಜೆಯನ್ನು ಪ್ರಚೋದಿಸುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 4ರಿಂದ 11 ಸಾವಿರ ಇರಬೇಕಾದ ಕಣಗಳು ಲಕ್ಷ ಮೀರುವುದುಂಟು.

ಹೆಚ್ಚಿದ ಕಣಗಳು ಎಡಪಕ್ಕೆಲುಬಿನ ಕೆಳಗಿರುವ ಗುಲ್ಮದಲ್ಲಿ ಸೇರಿಕೊಳ್ಳುತ್ತವೆ. ಸುಮಾರು 150 ಗ್ರಾಂ ತೂಗುವ ಈ ಅಂಗ ಊದಿ ಜಠರವನ್ನು ಒತ್ತುತ್ತದೆ. ಎರಡು ರೊಟ್ಟಿ ಉಣ್ಣುತ್ತಿದ್ದವರಿಗೆ ಅರ್ಧಕ್ಕೇ ಹೊಟ್ಟೆ ತುಂಬಿದಂತಾಗುತ್ತದೆ, ತೂಕ ಇಳಿಯುತ್ತದೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ.

ಚಿಕಿತ್ಸೆಯಿಲ್ಲದಿದ್ದರೆ ಈ ಸೌಮ್ಯ ಹಂತ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಬಳಿಕ ಬಲಿಯದ ಕೋಶಗಳು ಹೆಚ್ಚುತ್ತ, ರಕ್ತದಲ್ಲಿ ಅಥವಾ ಮಜ್ಜೆಯಲ್ಲಿ ಶೇ 20 ಮುಟ್ಟಿದಾಗ ಅದನ್ನು 'ಬ್ಲಾಸ್ಟ್' ಹಂತ ಎನ್ನುತ್ತಾರೆ. ಆಗ ರಕ್ತಹೀನತೆ, ರಕ್ತಸ್ರಾವ, ಜ್ವರ, ಮೂಳೆ ನೋವು ಒಟ್ಟೊಟ್ಟಿಗೆ ಬರುತ್ತವೆ. ರೋಗಿಯ ಆಯಸ್ಸನ್ನು ತಿಂಗಳುಗಳಲ್ಲಿ ಎಣಿಸಬೇಕಾಗಬಹುದು.

2001ರಲ್ಲಿ ಬಂದ ಇಮಾಟಿನಿಬ್ ಮಾತ್ರೆ ಈ ಚಿತ್ರಣವನ್ನು ಬದಲಿಸಿತು. ಮೊದಲ ಹಂತದಲ್ಲೇ ಆರಂಭಿಸಿದವರಲ್ಲಿ ಬಹುತೇಕರು ಇತರರಷ್ಟೇ ಕಾಲ ಬಾಳಬಲ್ಲರು. ತಿಂಗಳಿಗೆ ಲಕ್ಷ ರೂಪಾಯಿ ಮೀರಿದ್ದ ಗ್ಲಿವೆಕ್‌ಗೆ ಪೇಟೆಂಟ್ ನೀಡಲು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿತು. ಭಾರತೀಯ ಕಂಪನಿಗಳ ಅಗ್ಗದ ಮಾತ್ರೆ ಉಳಿದದ್ದು ಅದರಿಂದಲೇ.

ತೊಡಕು ಬೇರೆಡೆ ಇದೆ. ಮಾತ್ರೆ ನುಂಗಿದ ಕೆಲವೇ ವಾರಗಳಲ್ಲಿ ಎಣಿಕೆ ಸರಿಹೋಗಿ ರೋಗಿ ಗುಣವಾದೆನೆಂದು ಭಾವಿಸುತ್ತಾನೆ. ರೋಗದ ಬೇರು ಮಾತ್ರ ಮಜ್ಜೆಯಲ್ಲೇ ಇರುತ್ತದೆ. ಹತ್ತರಲ್ಲಿ ಒಂದು ಮಾತ್ರೆ ತಪ್ಪಿದರೂ ಪರಿಣಾಮ ಕುಗ್ಗುವುದೆಂದು ಲಂಡನ್ನಿನ ವೈದ್ಯರು 2010ರಲ್ಲಿ ತೋರಿಸಿದ್ದಾರೆ. ಕೆಲವರು ವರ್ಷಗಳ ನಂತರ ಮಾತ್ರೆ ನಿಲ್ಲಿಸಬಹುದು; ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ, ಬಿಸಿಆರ್-ಎಬಿಎಲ್ ಪರೀಕ್ಷೆ ನೋಡಿಕೊಂಡೇ ಆಗಬೇಕು.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದ ಕಲಬುರಗಿಗೆ 40 ಕಿ.ಮೀ. ಒಳಗಿನ ಹಾದಿ. ರಕ್ತಕಣಗಳ ಎಣಿಕೆಯಂಥ ಸಾಮಾನ್ಯ ಪರೀಕ್ಷೆಗೆ ಅಷ್ಟು ದೂರವೂ ಬೇಕಿಲ್ಲ. ಅನುಮಾನ ಬಂದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಘಟಕ ಕಲಬುರಗಿಯಲ್ಲೇ ಇದೆ. ಮೂರು ತಿಂಗಳಿಗೊಮ್ಮೆಯ ತಪಾಸಣೆಗೆ ಹೊರಟಾಗ ಕೂಲಿ ಬಿಡಬೇಕಾದೀತು, ತೊಗರಿ ರಾಶಿಯ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಆದರೂ ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಮುಂದಿನ ತಿಂಗಳದ್ದನ್ನು ತಂದಿರಿಸಿಕೊಳ್ಳುವುದು ಅಗತ್ಯ.