ಅಂಗಳದ ಚಪ್ಪರದಿಂದ ಕಲ್ಯಾಣ ಮಂಟಪದವರೆಗೆ



ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ಸಂಘದ ಲೆಕ್ಕಪತ್ರವನ್ನೇ ಬರೆಯೋಣ ಎಂದುಕೊಂಡೆವು. ಆದರೆ ಅದು ವರದಿಯಲ್ಲಿ ಇದ್ದೇ ಇದೆ. ಆದ್ದರಿಂದ ಸಂಘ ಹುಟ್ಟುವ ಮೊದಲೇ ನಮ್ಮ ಶನಿವಾರಸಂತೆ ಸೀಮೆಯಲ್ಲಿದ್ದ ಒಂದು ಸಹಕಾರದ ಬಗ್ಗೆ, ಅಂದರೆ ಮನೆಯಂಗಳದ ಮದುವೆಯ ಬಗ್ಗೆ, ನಾಲ್ಕು ಮಾತು ಬರೆಯುತ್ತಿದ್ದೇವೆ.

ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಶುರುವಾಯಿತು. ಆದರೆ ಕಾಯಿದೆ, ಬೈಲಾ ಇಲ್ಲದ ಸಹಕಾರ ಅದಕ್ಕೂ ಹಳೆಯದು. ನಾಟಿಗೆ ಮುಯ್ಯಾಳು, ಮದುವೆಗೆ ಮುಯ್ಯಿ. ಇವತ್ತು ನಿಮಗೆ, ನಾಳೆ ನಮಗೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಒಕ್ಕಣೆ ಮುಗಿದು ಕಣಜ ತುಂಬಿದ ಮೇಲೆಯೇ ಮದುವೆ ಮಾತು. ಚಪ್ಪರಕ್ಕೆ ಬಿದಿರು ಒಬ್ಬರ ಬೇಲಿಯಿಂದ, ಬೈನೆ ಗರಿ ಇನ್ನೊಬ್ಬರ ತೋಟದಿಂದ ಬರುತ್ತಿತ್ತು. ಹಾಲುಕಂಬ ತರಲು ಊರಿನ ಗಂಡಸರೆಲ್ಲ ಹೊರಡುತ್ತಿದ್ದರು. ಅಕ್ಕಿ ಸ್ವಂತ ಗದ್ದೆಯದು. ಸಾಲದೆ ಬಂದರೆ ದವಸ ಭಂಡಾರದಿಂದ ಭತ್ತ ತಂದು, ಮುಂದಿನ ಸುಗ್ಗಿಗೆ ಬಡ್ಡಿಯನ್ನೂ ಭತ್ತದಲ್ಲೇ ಅಳೆಯುತ್ತಿದ್ದರು. ಎಲೆ ಹಿತ್ತಲಿನ ಬಾಳೆಯದು. ಸೋಬಾನೆ ಹೇಳುವವರಿಗೆ ಎಲೆ ಅಡಿಕೆ ಕೊಟ್ಟರೆ ಆಯ್ತು. ಯಾರು ಎಷ್ಟು ಮುಯ್ಯಿ ಹಾಕಿದರು ಎಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅಷ್ಟೋ, ಒಂದು ರೂಪಾಯಿ ಹೆಚ್ಚೋ ಹಾಕಿ ಬರುವುದು ಪದ್ಧತಿ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾವು ಹೇಳುವುದಿಲ್ಲ. ಹೆಂಗಸರು ಮೂರು ದಿನ ನಿದ್ದೆಗೆಟ್ಟು ರುಬ್ಬುತ್ತಿದ್ದರು. ಪಂಕ್ತಿಭೇದ ಇತ್ತು. ಕೂಲಿ ಜನ ಕೊನೆಗೆ ಉಣ್ಣಬೇಕಿತ್ತು. ಆದರೆ ಮದುವೆ ಮಾಡಿ ಗದ್ದೆ ಕಳೆದುಕೊಂಡವರು ಕಡಿಮೆ. ಆಗ ಹಲವು ಜಾತಿಗಳಲ್ಲಿ ಗಂಡಿನವರೇ ಹೆಣ್ಣಿನವರಿಗೆ ತೆರ ಕೊಡುತ್ತಿದ್ದರು. ಆಮೇಲೆ ಅದು ತಿರುಗಿ ವರದಕ್ಷಿಣೆ ಆಯಿತು. 1961ರಲ್ಲಿ ನಿಷೇಧ ಕಾಯಿದೆ ಬಂದರೂ ಅದು ಉಡುಗೊರೆ ಎಂಬ ಹೆಸರಿನಲ್ಲಿ ಉಳಿಯಿತು.

ತಿಳಿದವರು ದಾರಿ ತೋರಿಸದೆ ಇರಲಿಲ್ಲ. 1966ರಲ್ಲಿ ಕುವೆಂಪು ಅವರು ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಮಂತ್ರ ಮಾಂಗಲ್ಯದ ರೀತಿಯಲ್ಲಿ ಮಾಡಿದರು. 1972ರಿಂದ ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಸಾಮೂಹಿಕ ವಿವಾಹ ನಡೆಸುತ್ತಾ ಬಂದರು. ಆದರೆ ನಮ್ಮಂಥ ಕಾಫಿ ಸೀಮೆಯಲ್ಲಿ ಗಾಳಿ ಬೇರೆ ಕಡೆ ಬೀಸಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡ ಸುಟ್ಟುಹೋಯಿತು, ಇಲ್ಲಿ ರೇಟು ಏರಿತು. ಕಾಫಿ ಬೋರ್ಡಿನ ಕಟ್ಟುಪಾಡೂ ಆ ವರ್ಷಗಳಲ್ಲೇ ಸಡಿಲವಾಗಿ ಕೈಯಲ್ಲಿ ದುಡ್ಡು ಓಡಾಡಿತು. ಅಂಗಳದ ಮದುವೆ ಬಡವರದ್ದು, ಕಲ್ಯಾಣ ಮಂಟಪದ್ದು ಮರ್ಯಾದಸ್ಥರದ್ದು ಎಂಬ ಮಾತು ಬಂತು.

ನಮ್ಮ ಮನೆಯದೇ ಹೇಳುತ್ತೇವೆ. 1998ರಲ್ಲಿ ಅಕ್ಕನ ಮದುವೆ ಮಂಟಪದಲ್ಲಿ ಆಯಿತು. ಅಪ್ಪ ಕೈಸಾಲ ಮಾಡಿದರು, 'ಎರಡು ಕೊಯ್ಲಿಗೆ ತೀರ್ತದೆ ಬುಡು' ಅಂದರು. 2001ರ ಹೊತ್ತಿಗೆ ಕಾಫಿ ಬೆಲೆ ನೆಲ ಕಚ್ಚಿತು. ಕೊಯ್ಲಿನ ಕೂಲಿಗೂ ಸಾಲದಾಯಿತು. ಬಡ್ಡಿಗೆ ಹೆದರಿ ಅಜ್ಜ ಉತ್ತ ಹೊಳೆಬದಿಯ ಗದ್ದೆ ಮಾರಿದೆವು. ಆ ಗದ್ದೆಯ ಏರಿ ಮೇಲೆ ನಡೆಯುವಾಗ ಇವತ್ತಿಗೂ ತಲೆ ತಗ್ಗುತ್ತದೆ. ಅಕ್ಕ ಎಷ್ಟೋ ವರ್ಷ 'ನನ್ನಿಂದ ಆಯ್ತು' ಅಂತ ಕಣ್ಣೀರು ಹಾಕಿದಳು. ಅವಳ ತಪ್ಪೇನಿತ್ತು?

2004ರಲ್ಲಿ ತಂಗಿಯ ಮದುವೆ ಬಂತು. ಈ ಸಲ ಸಾಲ ಬೇಡ ಎಂದು ಹಟ ಹಿಡಿದೆವು. ಬೀಗರ ಹತ್ತಿರ ಮೊದಲೇ ಕೂತು ಮುನ್ನೂರು ಎಲೆ, ಒಂದೇ ಊಟ ಎಂದು ಮಾತಾಡಿಕೊಂಡೆವು. ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಭಾನುವಾರದ ಮುಹೂರ್ತ ಹಿಡಿದೆವು. ಶನಿವಾರ ಸಂಜೆ ಸಂತೆ ಮುಗಿಯುವ ಹೊತ್ತಿಗೆ ಹೋದರೆ ತರಕಾರಿ ಅಗ್ಗ, ಮಾರನೆಯ ದಿನಕ್ಕೆ ತಾಜಾ. ಕಣವೇ ಪಂಕ್ತಿಗೆ ಜಾಗ, ಕಾಫಿ ಮುಚ್ಚುವ ಟಾರ್ಪಾಲೇ ಚಪ್ಪರದ ಮೇಲಿನ ಹೊದಿಕೆ. ಅಕ್ಕಿ ನಲವತ್ತು ಕಿಲೋ ಮನೆಯದು. ಪಾತ್ರೆ ದವಸ ಭಂಡಾರದ್ದು. ಹಾಲು ಮೊಸರು ಅಕ್ಕಪಕ್ಕದ ಮನೆಗಳದ್ದು. ರುಬ್ಬುವುದು, ಹೆಚ್ಚುವುದು ಗಂಡಸರ ಪಾಲಿಗೂ ಬಂತು. ಎಲ್ಲರಿಗೂ ಒಂದೇ ಪಂಕ್ತಿ. ಅಕ್ಕನ ಮದುವೆಗೆ ಆದದ್ದರ ಕಾಲುಭಾಗವೂ ಖರ್ಚಾಗಲಿಲ್ಲ. ಬೆಳಿಗ್ಗೆ ಮುಖ ಗಂಟು ಹಾಕಿಕೊಂಡಿದ್ದ ಅಪ್ಪ, ಸಂಜೆ ಮುಯ್ಯಿ ಪುಸ್ತಕ ಮುಚ್ಚಿ, 'ಯಾರಿಗೂ ಕೊಡೋದು ಉಳಿದಿಲ್ಲ ಅಲ್ವೇನೋ' ಅಂದರು. ಆವತ್ತು ಅವರು ನೆಮ್ಮದಿಯಾಗಿ ಮಲಗಿದರು.

ನಿರ್ದೇಶಕರಾದ ಮೇಲೆ ಬೆಳೆಸಾಲದ ದುಡ್ಡು ಗೊಬ್ಬರಕ್ಕೆ ಹೋಗದೆ ಮಂಟಪಕ್ಕೆ ಹೋದದ್ದನ್ನು ಕಂಡಿದ್ದೇವೆ. ವಸೂಲಿಗೆ ಹೋದರೆ ಬಾಗಿಲಲ್ಲಿ ನಿಂತ ತಂದೆಯ ಮುಖ ನೋಡಲಾಗುವುದಿಲ್ಲ. ಅದು ನಮ್ಮ ಅಪ್ಪನ ಮುಖವೇ.

ಆದ್ದರಿಂದ ಮಹಾಸಭೆಯ ಮುಂದೆ ನಮ್ಮದೊಂದು ಅರಿಕೆ. ಸಂಘದಿಂದ ಐನೂರು ಜನಕ್ಕಾಗುವ ಪಾತ್ರೆ, ಕುರ್ಚಿ, ಟಾರ್ಪಾಲು ಕೊಂಡು ಸದಸ್ಯರಿಗೆ ಅಲ್ಪ ಬಾಡಿಗೆಗೆ ಕೊಡೋಣ. ಮುಯ್ಯಾಳಿನ ಪಟ್ಟಿ ಇಡೋಣ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಲಿ. ಅಂಗಳದ ಮದುವೆಯನ್ನೂ ತಪ್ಪದೆ ನೋಂದಣಿ ಮಾಡಿಸೋಣ. ಉಳಿದ ಹಣ ಮಕ್ಕಳ ಹೆಸರಿಗೆ ಠೇವಣಿಯಾಗಲಿ.

ಓದಿದ್ದು ಎಸ್.ಎಸ್.ಎಲ್.ಸಿ., ಕಲಿತದ್ದು ಗದ್ದೆಯಲ್ಲಿ. ತಪ್ಪಿದ್ದರೆ ಹಿರಿಯರು ತಿದ್ದಬೇಕು. ಸರಿ ಎನಿಸಿದರೆ ಮುಂದಿನ ಚಪ್ಪರಕ್ಕೆ ಮೊದಲ ಬಿದಿರು ನಮ್ಮ ಬೇಲಿಯಿಂದ ಬರುತ್ತದೆ.