ಮೂವತ್ತೈದು ವರ್ಷ ಮಾನ್ಯತೆಗೆ ಕಾದ ಪದವಿ

ಕಳೆದ ಸಂಕ್ರಾಂತಿಯ ಅರಿಶಿನ ಕುಂಕುಮದ ದಿನ ನಮ್ಮ ಮನೆಯಲ್ಲಿ ಹತ್ತು ಹದಿನೈದು ಹೆಂಗಸರು ಸೇರಿದ್ದರು. ಎಳ್ಳುಬೆಲ್ಲ ಹಂಚುತ್ತಾ ಮಾತು ಮಕ್ಕಳ ಓದಿನ ಕಡೆಗೆ ಹೊರಳಿತು. ನನ್ನ ತಂಗಿಯ ಮಗಳು ಆ ವರ್ಷ ಹೊಸದಾಗಿ ಆರಂಭವಾದ ಒಂದು ಪದವಿ ಕೋರ್ಸಿಗೆ ಸೇರಿದ್ದಳು. ಕೋರ್ಸಿನ ಹೆಸರು ಕೇಳಿದ ಕೂಡಲೇ ಮೂಲೆಯಲ್ಲಿ ಕೂತಿದ್ದ, ಎಂಬತ್ತು ದಾಟಿದ ಹಿರಿಯರೊಬ್ಬರು, "ಅಲ್ವೇ ಮಗೂ, ಅದಕ್ಕೆ ಮಾನ್ಯತೆ ಇದೆಯೇನೇ?" ಎಂದು ಕೇಳಿದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ, ಮನೆಯಲ್ಲೇ ಓದಿ, ಎಸ್.ಎನ್.ಡಿ.ಟಿ.ಯಿಂದ ಪದವಿ ಪಡೆದವರು ಅವರು. "ನಮ್ಮ ಪದವಿಯನ್ನೂ ಒಂದು ಕಾಲದಲ್ಲಿ ಜನ ಹೀಗೇ ಕೇಳುತ್ತಿದ್ದರಂತೆ ಕಣಮ್ಮ" ಎಂದರು.

ಆ ಒಂದು ಮಾತು ನನ್ನನ್ನು ಹಳೆಯ ಪುಸ್ತಕಗಳ ಕಡೆಗೆ ಕರೆದೊಯ್ದಿತು. ಚರ್ಚ್‌ಗೇಟ್ ಸ್ಟೇಷನ್ನಿನಿಂದ ಕೆಲವೇ ಹೆಜ್ಜೆ ದೂರದಲ್ಲಿರುವ ಆ ವಿಶ್ವವಿದ್ಯಾಲಯದ ಮುಂದೆ ನಾವು ಎಷ್ಟು ಸಲ ಓಡಾಡಿಲ್ಲ! ನಮ್ಮಲ್ಲಿ ಅನೇಕರ ಅತ್ತೆ, ಅಕ್ಕ, ಮಗಳು ಅಲ್ಲಿ ಓದಿದವರು. ಆದರೆ ಅದು ಕೊಡುವ ಪದವಿಗೆ ಸರ್ಕಾರದ ಮುದ್ರೆ ಬೀಳಲು ಮೂವತ್ತೈದು ವರ್ಷ ಬೇಕಾಯಿತು ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮ ಮಹಿಳಾ ವಿಭಾಗದ ಸಂಚಿಕೆಗೆ ಇದಕ್ಕಿಂತ ಹತ್ತಿರದ ವಿಷಯ ಬೇರೊಂದಿಲ್ಲ ಎನಿಸಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕಲ್ಕತ್ತ, ಮುಂಬಯಿ, ಮದ್ರಾಸು ವಿಶ್ವವಿದ್ಯಾಲಯಗಳು ಮೂರೂ ಆರಂಭವಾದದ್ದು 1857ರಲ್ಲಿ. ಹೆಣ್ಣುಮಕ್ಕಳೂ ಪರೀಕ್ಷೆಗೆ ಕೂರಬಹುದು ಎಂಬ ಯೋಚನೆಯೇ ನಿಯಮ ಬರೆದವರಿಗೆ ಇರಲಿಲ್ಲ. ಕಲ್ಕತ್ತದ ಸೆನೆಟ್ 1878ರಲ್ಲಿ ಹೆಣ್ಣುಮಕ್ಕಳಿಗೆ ಪರೀಕ್ಷೆ ಬರೆಯಲು ಅನುಮತಿ ಕೊಟ್ಟಿತು. ಮುಂಬಯಿ ವಿಶ್ವವಿದ್ಯಾಲಯ 1883ರಲ್ಲಿ ಬಾಗಿಲು ತೆರೆಯಿತು. ಅದೇ 1883ರಲ್ಲಿ ಕಾದಂಬಿನಿ ಗಂಗೂಲಿ ಮತ್ತು ಚಂದ್ರಮುಖಿ ಬಸು ಕಲ್ಕತ್ತದಲ್ಲಿ ಬಿ.ಎ. ಪದವಿ ಸ್ವೀಕರಿಸಿದರು. ಮುಂಬಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ ಕಾರ್ನೀಲಿಯಾ ಸೊರಾಬ್ಜಿ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ ಮೇಲಿನ ಸ್ಥಾನದಲ್ಲಿ ತೇರ್ಗಡೆಯಾದರೂ, ಆ ಸ್ಥಾನಕ್ಕೆ ಸಿಗಬೇಕಾಗಿದ್ದ ಇಂಗ್ಲೆಂಡಿನ ವಿದ್ಯಾರ್ಥಿವೇತನ ಹೆಣ್ಣೆಂಬ ಕಾರಣಕ್ಕೆ ಅವರಿಗೆ ಸಿಗಲಿಲ್ಲ. ಹಿತೈಷಿಗಳ ನೆರವಿನಿಂದ ಆಕ್ಸ್‌ಫರ್ಡಿಗೆ ಹೋಗಿ 1892ರಲ್ಲಿ ಕಾನೂನು ಪರೀಕ್ಷೆ ಮುಗಿಸಿದರು. ಆದರೆ ಹೆಣ್ಣುಮಕ್ಕಳಿಗೆ ಪದವಿ ಕೊಡಲು ಆಕ್ಸ್‌ಫರ್ಡ್ ಒಪ್ಪಿದ್ದೇ 1920ರಲ್ಲಿ. ಕಾರ್ನೀಲಿಯಾ ತಮ್ಮ ಪದವಿಯನ್ನು ಕೈಗೆ ಪಡೆದದ್ದು 1922ರಲ್ಲಿ, ಪರೀಕ್ಷೆ ಬರೆದು ಮೂವತ್ತು ವರ್ಷಗಳ ನಂತರ! ಕಲಿಯುವುದು ಬೇರೆ, ಕಲಿತದ್ದಕ್ಕೆ ಪದವಿ ಎಂಬ ಹೆಸರು ಸಿಗುವುದು ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ?

ಈ ಕಥೆಗೆ ನಮ್ಮ ನಾಡಿನ ಒಂದು ಎಳೆಯೂ ಇದೆ. ಪಂಡಿತಾ ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಜನರ ವಿರೋಧ ಎದುರಾದಾಗ ಅವರು ಘಟ್ಟದ ಕಾಡಿನಲ್ಲಿ ಗಂಗಾಮೂಲದ ಬಳಿ ಮನೆ ಮಾಡಿದರು. ರಮಾಬಾಯಿ ಹುಟ್ಟಿದ್ದು ಅಲ್ಲೇ, 1858ರಲ್ಲಿ. ಹುಡುಗಿಯರಿಗೆ ಪಾಠ ಹೇಳಲು ಹೆಂಗಸರೇ ಬೇಕು, ಹೆಂಗಸರ ಕಾಯಿಲೆ ನೋಡಲು ಹೆಣ್ಣು ಡಾಕ್ಟರರು ಬೇಕು ಎಂದು ಅವರು 1882ರಲ್ಲಿ ಹಂಟರ್ ಆಯೋಗದ ಮುಂದೆ ಹೇಳಿಕೆ ಕೊಟ್ಟರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಆ ಸದನಕ್ಕೆ ಸೇರಿದ ಮೊದಲ ವಿಧವೆಯ ಹೆಸರು ಗೋದೂಬಾಯಿ. 1893ರಲ್ಲಿ ಗೋದೂಬಾಯಿಯವರನ್ನು ಮದುವೆಯಾದವರು ಫರ್ಗ್ಯುಸನ್ ಕಾಲೇಜಿನ ಗಣಿತದ ಮೇಷ್ಟ್ರು ಧೋಂಡೋ ಕೇಶವ ಕರ್ವೆ. ಹೆಂಡತಿ ತೀರಿಕೊಂಡ ಮೇಲೆ ಮತ್ತೆ ಮದುವೆಯಾಗುವುದಾದರೆ ವಿಧವೆಯನ್ನೇ ಎಂದು ನಿಶ್ಚಯಿಸಿದ್ದ ಕರ್ವೆಯವರು ತಮ್ಮ ಊರು ಮುರುಡಿನಲ್ಲಿ ಬಹಿಷ್ಕಾರ ಅನುಭವಿಸಿದರು. 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮ ಆರಂಭಿಸಿದರು. ಮುಂದೆ ಅದು ಊರಾಚೆಯ ಹಿಂಗಣೆಗೆ ಹೋಯಿತು.

ಇಪ್ಪತ್ತು ವರ್ಷ ಆಶ್ರಮ, ಶಾಲೆ ನಡೆಸಿದ ಮೇಲೆ ಕರ್ವೆಯವರ ಕೈಗೆ ಟೋಕಿಯೋದ ಮಹಿಳಾ ವಿಶ್ವವಿದ್ಯಾಲಯದ ಬಗೆಗಿನ ಒಂದು ಪುಸ್ತಿಕೆ ಸಿಕ್ಕಿತು. ಅದನ್ನು 1901ರಲ್ಲಿ ಸ್ಥಾಪಿಸಿದ ಜಿಂಜೋ ನಾರುಸೆ ಹೆಣ್ಣುಮಕ್ಕಳನ್ನು ಮನುಷ್ಯರಾಗಿ, ಸ್ತ್ರೀಯರಾಗಿ, ದೇಶದ ಪ್ರಜೆಗಳಾಗಿ ಬೆಳೆಸುವ ಶಿಕ್ಷಣ ಬೇಕು ಎಂದವರು. ಅದೇ ಹೊತ್ತಿಗೆ ಮುಂಬಯಿಯಲ್ಲಿ 1915ರ ಡಿಸೆಂಬರಿನಲ್ಲಿ ನಡೆಯಲಿದ್ದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿಗೆ ಕರ್ವೆ ಅಧ್ಯಕ್ಷರಾಗಿ ಆಯ್ಕೆಯಾದರು. ಅಧ್ಯಕ್ಷ ಭಾಷಣದಲ್ಲಿ ಅವರು ಮುಂದಿಟ್ಟದ್ದು ಭಾರತದಲ್ಲೂ ಮಹಿಳೆಯರಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ಬೇಕೆಂಬ ವಿಚಾರ.

ಭಾಷಣ ಮಾಡಿ ಮನೆಗೆ ಹೋಗುವ ಜಾಯಮಾನ ಅವರದಲ್ಲ. ಆರೇಳು ತಿಂಗಳಲ್ಲಿ, 1916ರಲ್ಲಿ, ವಿಶ್ವವಿದ್ಯಾಲಯ ಆರಂಭವಾಗಿಯೇ ಬಿಟ್ಟಿತು. ಹಿಂಗಣೆಯಲ್ಲಿ ಅದರ ಮೊದಲ ಕಾಲೇಜು ಶುರುವಾದಾಗ ಇದ್ದ ವಿದ್ಯಾರ್ಥಿನಿಯರು ಐವರು. ಕುಲಾಧಿಪತಿ ಡಾ. ರಾಮಕೃಷ್ಣ ಭಂಡಾರ್ಕರ್, ಕುಲಪತಿ ರ್‍ಯಾಂಗ್ಲರ್ ಪರಾಂಜಪೆ. ಸೆನೆಟ್ ಇತ್ತು, ಪಠ್ಯಕ್ರಮ ಇತ್ತು, ಪರೀಕ್ಷೆ ಇತ್ತು. ಇಲ್ಲದಿದ್ದದ್ದು ಒಂದೇ, ಸರ್ಕಾರದ ಕಾಯಿದೆ. ಕಾಯಿದೆ ಇಲ್ಲದ ಮೇಲೆ ಇವರ ಪದವಿಗೆ ಬೆಲೆ ಕೊಡಬೇಕಾದ ಹಂಗು ಯಾರಿಗೂ ಇರಲಿಲ್ಲ.

ಇಲ್ಲಿ ಮೈಸೂರನ್ನು ನೆನೆಯಬೇಕು. ಅದೇ 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಕುಲಪತಿ, ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ದೇಶೀಯ ಸಂಸ್ಥಾನವೊಂದರಲ್ಲಿ ಸ್ಥಾಪನೆಯಾದ ಮೊದಲ ವಿಶ್ವವಿದ್ಯಾನಿಲಯ ಅದು. ಅರಸರ ಶಾಸನ, ಸಂಸ್ಥಾನದ ಖಜಾನೆ ಎರಡೂ ಬೆನ್ನಿಗಿದ್ದವು. ಅಷ್ಟಿದ್ದರೂ ಕನ್ನಡ ಎಂ.ಎ. ತರಗತಿ ಅಲ್ಲಿ ಶುರುವಾದದ್ದು ಹನ್ನೊಂದು ವರ್ಷದ ನಂತರ, 1927ರಲ್ಲಿ. ಅರಮನೆಯ ಬೆಂಬಲವಿದ್ದ ಕಡೆಯೂ ನಮ್ಮ ಭಾಷೆಗೆ ಉನ್ನತ ಪದವಿಯ ಪೀಠ ಸಿಗಲು ಅಷ್ಟು ಕಾಲ ಹಿಡಿಯಿತು ಎಂದರೆ, ಪುಣೆಯ ಬಡ ಮೇಷ್ಟ್ರ ಸಾಹಸ ಎಂಥದ್ದೆಂದು ಊಹಿಸಬಹುದು.

ಕರ್ವೆಯವರು ತಯಾರಿಸಿದ ಪದವಿ ಶಿಕ್ಷಣ ಆಗಿನ ಬಿ.ಎ.ಗಿಂತ ಹಲವು ರೀತಿಯಲ್ಲಿ ಬೇರೆಯಾಗಿತ್ತು. ಪಾಠ ನಡೆಯುತ್ತಿದ್ದದ್ದು ಮಾತೃಭಾಷೆಯಲ್ಲಿ. ದೇಶದ ಉಳಿದ ವಿಶ್ವವಿದ್ಯಾಲಯಗಳಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲ ಅದು. ಇಂಗ್ಲಿಷನ್ನು ಇಲ್ಲಿ ಒಂದು ಭಾಷೆಯಾಗಿ ಎಲ್ಲರೂ ಕಲಿಯಬೇಕಿತ್ತು. ಗಾಂಧೀಜಿಯವರಿಗೆ ಮಾತೃಭಾಷೆಯ ಮಾತು ಬಹಳ ಹಿಡಿಸಿತು, ಇಂಗ್ಲಿಷ್ ಕಡ್ಡಾಯ ಎಂಬುದು ಹಿಡಿಸಲಿಲ್ಲ. ಕರ್ವೆ ತಮ್ಮ ನಿಲುವು ಬಿಡಲಿಲ್ಲ. ಗೃಹವಿಜ್ಞಾನ ಮತ್ತು ಆರೋಗ್ಯಶಾಸ್ತ್ರ ಪಠ್ಯದಲ್ಲಿ ಸೇರಿದ್ದವು. ಕಾಲೇಜಿಗೆ ಬರಲಾಗದವರು ಮನೆಯಲ್ಲೇ ಓದಿ ಪರೀಕ್ಷೆಗೆ ಕೂರುವ ಅವಕಾಶವಿತ್ತು. ತೊಟ್ಟಿಲು ತೂಗುತ್ತಾ ಓದಿದ ಎಷ್ಟೋ ತಾಯಂದಿರಿಗೆ ಈ ಒಂದು ನಿಯಮ ಬದುಕನ್ನೇ ಬದಲಿಸಿತು. ಪದವಿಯ ಹೆಸರೂ ಬೇರೆ: ಗೃಹೀತಾಗಮಾ, ಅಂದರೆ ವಿದ್ಯೆಯನ್ನು ಗ್ರಹಿಸಿದವಳು. ಚಿಕ್ಕದಾಗಿ ಜಿ.ಎ.

ಎಷ್ಟು ಚೆಂದದ ಹೆಸರು! ಆದರೆ ಅಡಚಣೆ ಇದ್ದದ್ದೂ ಅಲ್ಲೇ. ಬಿ.ಎ. ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಜಿ.ಎ. ಎಂದರೆ ಏನೆಂದು ಪ್ರತಿ ಸಲವೂ ವಿವರಿಸಬೇಕು. ಸರ್ಕಾರಿ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಮುಂದೆ ಓದಲು ಅದನ್ನು ತೋರಿಸಿ ಹಕ್ಕು ಕೇಳುವಂತಿಲ್ಲ. ಗಂಡುಮಕ್ಕಳು ಓದುವುದನ್ನೇ ಓದಿ ಸರಿಸಮನಾಗಿ ನಿಲ್ಲುವುದು ಬಿಟ್ಟು, ಹೆಣ್ಣಿಗೆಂದೇ ಬೇರೆ ಪದವಿ ಮಾಡಿದರೆ ಅದು ಎರಡನೇ ದರ್ಜೆಯದಾಗುವುದಿಲ್ಲವೇ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅಡುಗೆಮನೆಯ ಶಾಸ್ತ್ರವನ್ನು ಹೆಣ್ಣಿಗಷ್ಟೇ ಏಕೆ ಕಲಿಸಬೇಕೆಂದು ಇಂದಿನ ನಮ್ಮ ಮಕ್ಕಳು ಕೇಳಿದರೆ ನನ್ನಲ್ಲೂ ಉತ್ತರವಿಲ್ಲ. ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕು. ಬಾಲವಿಧವೆಯಾಗಿ, ಇಪ್ಪತ್ತರ ಮೇಲೆ ಅಕ್ಷರ ಕಲಿತವಳಿಗೆ ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಕೈಗೆಟುಕದ ದ್ರಾಕ್ಷಿ. ಅವಳ ಮುಂದಿದ್ದ ಆಯ್ಕೆ ಜಿ.ಎ. ಅಥವಾ ಏನೂ ಇಲ್ಲ.

ಸರ್ಕಾರದ ಮಾನ್ಯತೆ ಇಲ್ಲದ ಪದವಿಯನ್ನು ಬದುಕಿಸಿದವರು ಯಾರು? ಮೊದಲನೆಯದಾಗಿ, ಅಪಾಯ ಗೊತ್ತಿದ್ದೂ ಸೇರಿದ ವಿದ್ಯಾರ್ಥಿನಿಯರು. ಎರಡನೆಯದಾಗಿ, ಹತ್ತು ರೂಪಾಯಿ, ಐದು ರೂಪಾಯಿ ಕೊಟ್ಟ ಸಾಮಾನ್ಯ ಜನ. ಮೂರನೆಯದಾಗಿ, ಮುಂಬಯಿಯ ಗಿರಣಿ ಮಾಲೀಕ ಸರ್ ವಿಠ್ಠಲದಾಸ್ ಠಾಕರ್ಸಿ. 1920ರಲ್ಲಿ ಅವರು ಹದಿನೈದು ಲಕ್ಷ ರೂಪಾಯಿ ದಾನ ಘೋಷಿಸಿದರು. ತಮ್ಮ ತಾಯಿಯ ಹೆಸರಿಡಬೇಕೆಂದರು. ಶ್ರೀಮತಿ ನಾಥೀಬಾಯಿ ದಾಮೋದರ್ ಠಾಕರ್ಸಿ ಎಂಬ ಆ ಹೆಸರೇ ಎಸ್.ಎನ್.ಡಿ.ಟಿ. ಮುಂದೆ ಕರ್ವೆಯವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1929-30ರಲ್ಲಿ, ಯುರೋಪ್, ಅಮೆರಿಕ, ಜಪಾನ್ ಸುತ್ತಿ ತಮ್ಮ ಸಂಸ್ಥೆಗೆ ಹಣ ಕೂಡಿಸಿದರು. ತಮಗೆ ಸ್ಫೂರ್ತಿಯಾದ ಟೋಕಿಯೋದ ವಿಶ್ವವಿದ್ಯಾಲಯವನ್ನೂ ಕಣ್ಣಾರೆ ಕಂಡು ಬಂದರು. 1936ರಲ್ಲಿ ಕೇಂದ್ರ ಕಚೇರಿ ಪುಣೆಯಿಂದ ಮುಂಬಯಿಗೆ ಬಂತು.

ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಮುಂಬಯಿ ಶಾಸನಸಭೆ ಎಸ್.ಎನ್.ಡಿ.ಟಿ. ಕಾಯಿದೆ ಮಾಡಿತು. 1951ರಲ್ಲಿ ಅದು ಶಾಸನಬದ್ಧ ವಿಶ್ವವಿದ್ಯಾಲಯವಾಯಿತು. ಆ ಹೊಸ ರೂಪದ ಮೊದಲ ಕುಲಪತಿ ಲೇಡಿ ಪ್ರೇಮಲೀಲಾ ಠಾಕರ್ಸಿ. ಇಪ್ಪತ್ತೆಂಟರ ಆಸುಪಾಸಿನ ವಯಸ್ಸಿನಲ್ಲೇ ಗಂಡ ವಿಠ್ಠಲದಾಸರನ್ನು ಕಳೆದುಕೊಂಡವರು ಅವರು. ವಿಧವೆಯರ ಆಶ್ರಮದಿಂದ ಬೆಳೆದ ಸಂಸ್ಥೆಯ ಗದ್ದುಗೆಯಲ್ಲಿ ಒಬ್ಬ ವಿಧವೆಯೇ ಕೂತು ಪದವಿ ಪತ್ರಗಳಿಗೆ ಸಹಿ ಹಾಕುವ ದಿನ ಬಂತು. ತೊಂಬತ್ತು ದಾಟಿದ್ದ ಕರ್ವೆಯವರು ಅದನ್ನು ಕಣ್ತುಂಬ ನೋಡಿದರು. 1958ರಲ್ಲಿ, ನೂರು ತುಂಬಿದ ವರ್ಷ, ಅವರಿಗೆ ಭಾರತರತ್ನ ಸಂದಿತು. 1962ರಲ್ಲಿ ತೀರಿಕೊಂಡಾಗ ಅವರಿಗೆ 104 ವರ್ಷ.

ಇಂದು ಹೊಸ ಪದವಿಯೊಂದು ಹುಟ್ಟುವ ದಾರಿ ಬೇರೆ. ವಿಭಾಗದವರು ಪಠ್ಯಕ್ರಮ ಸಿದ್ಧಪಡಿಸುತ್ತಾರೆ. ಅಧ್ಯಯನ ಮಂಡಳಿ ಅದನ್ನು ತಿದ್ದುತ್ತದೆ. ಅಕಾಡೆಮಿಕ್ ಕೌನ್ಸಿಲ್ ಒಪ್ಪಬೇಕು. ಹಣ, ಹುದ್ದೆಗಳ ಮಾತು ಬಂದರೆ ಆಡಳಿತ ಮಂಡಳಿ ಮತ್ತು ಸರ್ಕಾರದ ಒಪ್ಪಿಗೆಯೂ ಬೇಕು. ನರ್ಸಿಂಗ್, ಕಾನೂನು, ಶಿಕ್ಷಕರ ತರಬೇತಿಯಂಥವಕ್ಕೆ ಆಯಾ ಪರಿಷತ್ತುಗಳ ಅನುಮತಿ ಬೇರೆ. 1956ರ ಯು.ಜಿ.ಸಿ. ಕಾಯಿದೆಯ 22ನೇ ಕಲಮಿನ ಪ್ರಕಾರ ಪದವಿ ಕೊಡುವ ಹಕ್ಕು ಕಾನೂನು ಒಪ್ಪಿದ ಸಂಸ್ಥೆಗಳಿಗೆ ಮಾತ್ರ. ಪದವಿಯ ಹೆಸರೂ ಯು.ಜಿ.ಸಿ. ಗೆಜೆಟ್ಟಿನಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿರಬೇಕು. ಅಂದರೆ 1916ರಲ್ಲಿ ಈ ಕಾಯಿದೆ ಇದ್ದಿದ್ದರೆ ಕರ್ವೆಯವರು ಒಬ್ಬಳೇ ಒಬ್ಬ ಹುಡುಗಿಗೂ ಗೃಹೀತಾಗಮಾ ಎಂದು ಬರೆದುಕೊಡುವಂತಿರಲಿಲ್ಲ!

ಹಾಗೆಂದು ಈ ನಿಯಮ ತಪ್ಪೆಂದು ನಾನು ಹೇಳಲಾರೆ. ನಮ್ಮ ಬಳಗದಲ್ಲೇ ಒಬ್ಬ ಹುಡುಗಿ ಬಣ್ಣದ ಜಾಹೀರಾತು ನಂಬಿ ಎರಡು ವರ್ಷ, ಅಪ್ಪನ ಉಳಿತಾಯದ ದುಡ್ಡು, ಎರಡನ್ನೂ ಕಳೆದುಕೊಂಡಳು. ಕೆಲಸಕ್ಕೆ ಅರ್ಜಿ ಹಾಕಿದಾಗಲೇ ಆ ಕಾಗದಕ್ಕೆ ಮಾನ್ಯತೆ ಇಲ್ಲವೆಂದು ತಿಳಿದದ್ದು. ಕರ್ವೆಯವರ ಸಂಸ್ಥೆ ತನಗೆ ಸರ್ಕಾರದ ಮಾನ್ಯತೆ ಇದೆಯೆಂದು ಯಾರಿಗೂ ಸುಳ್ಳು ಹೇಳಲಿಲ್ಲ. ಎಲ್ಲ ತಿಳಿದೇ ಹುಡುಗಿಯರು ಸೇರಿದರು. ವ್ಯತ್ಯಾಸ ಇರುವುದು ಅಲ್ಲಿ. ಆದ್ದರಿಂದ ಮಗಳನ್ನು ಹೊಸ ಕೋರ್ಸಿಗೆ ಸೇರಿಸುವ ಮುನ್ನ ವಿಶ್ವವಿದ್ಯಾಲಯದ ಹೆಸರು ಯು.ಜಿ.ಸಿ. ಪಟ್ಟಿಯಲ್ಲಿದೆಯೇ, ಪದವಿಯ ಹೆಸರು ಗೆಜೆಟ್ಟಿನಲ್ಲಿದೆಯೇ ಎಂದು ಒಮ್ಮೆ ನೋಡಿ. ದೂರಶಿಕ್ಷಣವಾದರೆ ಅದಕ್ಕೆ ಪ್ರತ್ಯೇಕ ಅನುಮತಿ ಇದೆಯೇ ಎಂದೂ ವಿಚಾರಿಸಿ.

ಕರ್ವೆ ನೆಟ್ಟ ಗಿಡದ ನೆರಳು ನಮ್ಮ ನಾಡಿಗೂ ತಲುಪಿತು. 2003ರಲ್ಲಿ ವಿಜಾಪುರದಲ್ಲಿ ಕರ್ನಾಟಕದ ಮಹಿಳಾ ವಿಶ್ವವಿದ್ಯಾಲಯ ಆರಂಭವಾಯಿತು. ಈಗ ಅದು ಅಕ್ಕಮಹಾದೇವಿಯ ಹೆಸರು ಹೊತ್ತಿದೆ. ಅಲ್ಲಿನ ಹುಡುಗಿಯರು ಮಾನ್ಯತೆಗಾಗಿ ಕಾಯಬೇಕಾಗಲಿಲ್ಲ. ಅವರ ಪಾಲಿನ ಕಾಯುವಿಕೆಯನ್ನು ಯಾರೋ ಮೊದಲೇ ಕಾದು ಮುಗಿಸಿದ್ದರು.

ಅರಿಶಿನ ಕುಂಕುಮದ ದಿನ ಪ್ರಶ್ನೆ ಕೇಳಿದ ಆ ಹಿರಿಯರನ್ನು ಮೊನ್ನೆ ನೋಡಲು ಹೋಗಿದ್ದೆ, ತಂಗಿಯ ಮಗಳೂ ಜೊತೆಗಿದ್ದಳು. ತನ್ನ ಕೋರ್ಸಿನ ಹೆಸರು ಇರುವ ಗೆಜೆಟ್ ಪುಟವನ್ನು ಮೊಬೈಲಿನಲ್ಲಿ ತೆಗೆದು ಅವರಿಗೆ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, "ಸರಿ ಮಗೂ, ಇನ್ನು ಚೆನ್ನಾಗಿ ಓದು" ಎಂದರು. ಆಮೇಲೆ ಒಳಗೆ ಹೋಗಿ, ಹಳದಿ ಬಣ್ಣಕ್ಕೆ ತಿರುಗಿದ ತಮ್ಮ ಪದವಿ ಪತ್ರವನ್ನು ತಂದು ಅವಳ ಕೈಗಿಟ್ಟರು.